ಸ್ಲೀವ್ ಮಾಡಿಸಲೇ, ಬೈಪಾಸ್ ಮಾಡಿಸಲೇ?

ಪ್ರಶ್ನೆ: ನನಗೆ 38 ವರ್ಷ. ಎತ್ತರ 158 ಸೆಂಟಿಮೀಟರ್, ತೂಕ 104 ಕೆ.ಜಿ. ಆರು ವರ್ಷಗಳಿಂದ ಮಧುಮೇಹವಿದೆ. ಎರಡು ಬಗೆಯ ಮಾತ್ರೆ ನುಂಗುತ್ತೇನೆ, ಇನ್ಸುಲಿನ್ ಇಲ್ಲ. ಮಂಡಿನೋವಿಗೆ ವಾರದಲ್ಲಿ ನಾಲ್ಕೈದು ದಿನ ನೋವಿನ ಮಾತ್ರೆ ಬೇಕಾಗುತ್ತದೆ. ರಾತ್ರಿ ಮಲಗಿದಾಗ ಆಗಾಗ ಎದೆಯುರಿ, ಹುಳಿತೇಗು ಬರುವುದುಂಟು. ಪಥ್ಯ, ವ್ಯಾಯಾಮ ಮಾಡಿ ಮೂರು ಸಲ ಹತ್ತು ಹನ್ನೆರಡು ಕೆ.ಜಿ. ಇಳಿಸಿದ್ದೆ, ಮೂರು ಸಲವೂ ಮರಳಿ ಬಂತು. ಈಗ ತೂಕ ಇಳಿಸಲು ಒಬ್ಬ ಶಸ್ತ್ರವೈದ್ಯರು ಜಠರವನ್ನು ಕತ್ತರಿಸಿ ಕಿರಿದುಗೊಳಿಸುವ ‘ಸ್ಲೀವ್’ ಶಸ್ತ್ರಚಿಕಿತ್ಸೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಆಹಾರದ ದಾರಿಯನ್ನೇ ಬದಲಿಸುವ ಜಠರದ ‘ಬೈಪಾಸ್’ ಮಾಡಿಸಿ ಎನ್ನುತ್ತಾರೆ. ತೂಕ ಇಳಿಸುವ ಚುಚ್ಚುಮದ್ದು ಬಂದಿರುವಾಗ ಹೊಟ್ಟೆ ಕೊಯ್ಯಿಸಿಕೊಳ್ಳುವುದೇಕೆ ಎಂದು ಮನೆಯವರು ಕೇಳುತ್ತಾರೆ. ಇವುಗಳಲ್ಲಿ ಯಾವುದು ಅತ್ಯುತ್ತಮ?

ಉತ್ತರ: ನೀವು ಕಂಡ ಇಬ್ಬರು ವೈದ್ಯರಲ್ಲಿ ಯಾರೂ ತಪ್ಪು ಹೇಳಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ಒಬ್ಬರ ಗಮನ ನಿಮ್ಮ ನೋವಿನ ಮಾತ್ರೆಯ ಮೇಲೆ ಹೋಗಿರಬೇಕು, ಇನ್ನೊಬ್ಬರ ಗಮನ ಎದೆಯುರಿಯ ಮೇಲೆ. ತೂಕ, ಎತ್ತರ, ಸಕ್ಕರೆಯ ವಿವರಗಳ ನಡುವೆ ನೀವು ಒಂದೊಂದು ಸಾಲಿನಲ್ಲಿ ಹೇಳಿ ಮುಗಿಸಿದ ಈ ಎರಡು ಸಂಗತಿಗಳೇ ನಿಮ್ಮ ವಿಷಯದಲ್ಲಿ ಶಸ್ತ್ರಚಿಕಿತ್ಸೆಯ ಆಯ್ಕೆಯನ್ನು ನಿರ್ಧರಿಸಬೇಕಾದವು. ಕಷ್ಟವೆಂದರೆ ಅವೆರಡೂ ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಆದ್ದರಿಂದ ‘ಅತ್ಯುತ್ತಮ ಯಾವುದು’ ಎಂಬ ಪ್ರಶ್ನೆಗೆ ನೇರ ಉತ್ತರವಿಲ್ಲ. ಯಾವ ಶಸ್ತ್ರಚಿಕಿತ್ಸೆಯ ಅಡ್ಡಪರಿಣಾಮ ನಿಮ್ಮ ದೇಹಕ್ಕೆ ಹೆಚ್ಚು ದುಬಾರಿಯಾಗುತ್ತದೆ ಎಂದು ಕೇಳಿಕೊಂಡರೆ ಮಾತ್ರ ಉತ್ತರದ ದಾರಿ ಕಾಣುತ್ತದೆ.

ಮೊದಲಿಗೆ ಅರ್ಹತೆಯ ಮಾತು. ನಿಮ್ಮ ಬಿಎಂಐ, ಅಂದರೆ ಕೆ.ಜಿ.ಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ, ಸುಮಾರು 41.7. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲಿ ಹಾಕಿಕೊಟ್ಟ ಗೆರೆಯ ಪ್ರಕಾರ ಬಿಎಂಐ 40 ದಾಟಿದವರಿಗೆ, ಇಲ್ಲವೇ 35 ದಾಟಿ ಜೊತೆಗೆ ಗಂಭೀರ ಕಾಯಿಲೆಯೂ ಇರುವವರಿಗೆ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದಾಗಿತ್ತು. ಈ ಕ್ಷೇತ್ರದ ಎರಡು ದೊಡ್ಡ ವೈದ್ಯಸಂಘಗಳು 2022ರಲ್ಲಿ ಆ ಗೆರೆಯನ್ನು ಕೆಳಗಿಳಿಸಿ, 35 ದಾಟಿದ್ದರೆ ಬೇರೆ ಕಾಯಿಲೆ ಇರಲಿ ಇಲ್ಲದಿರಲಿ ಶಿಫಾರಸು ಮಾಡಬಹುದು, 30ರಿಂದ 35ರ ನಡುವೆ ಮಧುಮೇಹದಂಥ ತೊಂದರೆಯಿದ್ದರೆ ಪರಿಗಣಿಸಬಹುದು ಎಂದವು. ಏಷ್ಯಾ ಮೂಲದವರಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ಬರುವುದರಿಂದ ಅವರಿಗೆ 27.5 ದಾಟಿದ್ದರೂ ಸಾಕು ಎಂದು ಸೇರಿಸಿದವು. ಹಳೆಯ ಅಳತೆಗೋಲಾಗಲಿ ಹೊಸದಾಗಲಿ, ನೀವು ಅರ್ಹರು. ಮೂರು ಸಲ ಇಳಿಸಿದ ತೂಕ ಮೂರು ಸಲವೂ ಮರಳಿದ್ದನ್ನು ನೀವು ತಪ್ಪೊಪ್ಪಿಗೆಯ ಧಾಟಿಯಲ್ಲಿ ಬರೆದಿದ್ದೀರಿ, ಅದರ ಅಗತ್ಯವಿಲ್ಲ. ತೂಕ ಇಳಿದೊಡನೆ ಹಸಿವಿನ ಹಾರ್ಮೋನು ಏರುತ್ತದೆ, ತೃಪ್ತಿಯ ಹಾರ್ಮೋನುಗಳು ತಗ್ಗುತ್ತವೆ, ವಿಶ್ರಾಂತಿಯಲ್ಲಿ ದೇಹ ಸುಡುವ ಶಕ್ತಿಯೂ ಕಡಿಮೆಯಾಗುತ್ತದೆ. ದೇಹವು ಕಳೆದುಕೊಂಡದ್ದನ್ನು ವಾಪಸು ಪಡೆಯಲು ಪಟ್ಟುಹಿಡಿಯುತ್ತದೆ, ಮತ್ತು ಸಾಮಾನ್ಯವಾಗಿ ಗೆಲ್ಲುತ್ತದೆ.

ಶಸ್ತ್ರಚಿಕಿತ್ಸೆ ಕೆಲಸ ಮಾಡುವುದು ಮುಖ್ಯವಾಗಿ ಈ ಪಟ್ಟನ್ನು ಸಡಿಲಿಸುವ ಮೂಲಕ. ಜಠರ ಚಿಕ್ಕದಾಗುವುದರಿಂದ ಕಡಿಮೆ ತಿನ್ನುತ್ತಾರೆ, ಅದರಿಂದ ಸೊರಗುತ್ತಾರೆ ಎಂಬ ವಿವರಣೆ ಅರ್ಧ ಸತ್ಯ ಮಾತ್ರ. ಸ್ಲೀವ್‌ನಲ್ಲಿ ಜಠರದ ಹೊರಬಾಗಿನ ಸುಮಾರು ಮುಕ್ಕಾಲು ಭಾಗದಿಂದ ಶೇ 80ರವರೆಗೆ ಕತ್ತರಿಸಿ ಹೊರತೆಗೆಯುತ್ತಾರೆ. ಉಳಿಯುವುದು ಅಂಗಿಯ ತೋಳಿನಂಥ ಒಂದು ನಳಿಗೆ. ಹೀಗೆ ಹೊರಹೋಗುವ ಭಾಗದಲ್ಲಿಯೇ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದರಿಂದ ಮೊದಲ ತಿಂಗಳುಗಳಲ್ಲಿ ಅನೇಕರಿಗೆ ಹಸಿವೇ ಮರೆತುಹೋದಂತಿರುತ್ತದೆ. ಕರುಳನ್ನು ಮುಟ್ಟುವುದಿಲ್ಲ, ಹೊಸ ಜೋಡಣೆ ಇರುವುದಿಲ್ಲ, ಸಮಯವೂ ಕಡಿಮೆ ಸಾಕು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಇದೇ ಆಗಿರುವುದಕ್ಕೆ ಈ ಸರಳತೆ ದೊಡ್ಡ ಕಾರಣ. ಆದರೆ ಕತ್ತರಿಸಿ ತೆಗೆದದ್ದು ಮರಳಿ ಬರುವುದಿಲ್ಲ ಎಂಬುದನ್ನು ‘ಚಿಕ್ಕ ಆಪರೇಷನ್’ ಎಂಬ ಮಾತು ಮರೆಸುತ್ತದೆ.

ಬೈಪಾಸ್ 1966ರಷ್ಟು ಹಿಂದೆಯೇ ಹುಟ್ಟಿದ ವಿಧಾನ. ಇಂದಿನ ರೂಪದಲ್ಲಿ ಅನ್ನನಾಳದ ಕೆಳಗೆ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ, ಸಣ್ಣ ಕರುಳನ್ನು ಕತ್ತರಿಸಿ, ಅದರ ಕೆಳತುದಿಯನ್ನು ಮೇಲೆತ್ತಿ ಆ ಚೀಲಕ್ಕೆ ಹೊಲಿಯುತ್ತಾರೆ. ಉಳಿದ ಜಠರವನ್ನು ತೆಗೆಯುವುದಿಲ್ಲ. ಅದು ಹೊಟ್ಟೆಯಲ್ಲಿಯೇ ಇದ್ದು ರಸ ಒಸರುತ್ತಿರುತ್ತದೆ, ಆದರೆ ಆಹಾರ ಆ ದಾರಿ ಹಿಡಿಯುವುದಿಲ್ಲ. ಆಹಾರವು ಕರುಳಿನ ಕೆಳಭಾಗವನ್ನು ಬೇಗ ತಲುಪುವುದರಿಂದ ಅಲ್ಲಿನ, ಇನ್ಸುಲಿನ್ ಸ್ರವಿಸಲು ಪ್ರಚೋದಿಸುವ ಜಿಎಲ್‌ಪಿ–1ನಂಥ ಹಾರ್ಮೋನುಗಳು ಹೆಚ್ಚು ಸುರಿಯುತ್ತವೆ. ತೂಕ ಇನ್ನೂ ಇಳಿಯತೊಡಗುವ ಮೊದಲೇ, ಕೆಲವೇ ದಿನಗಳಲ್ಲಿ, ಮಧುಮೇಹಿಗಳ ಸಕ್ಕರೆ ತಗ್ಗತೊಡಗುವುದರಲ್ಲಿ ಇದರ ಪಾತ್ರವಿದೆ.

ಇನ್ನು ಎಷ್ಟು ಇಳಿಯುತ್ತದೆ ಎಂಬ ಲೆಕ್ಕ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ವೈದ್ಯರು ಕೆಲವೊಮ್ಮೆ ಒಟ್ಟು ತೂಕದಲ್ಲಿ ಶೇಕಡಾ ಎಷ್ಟು ಎನ್ನುತ್ತಾರೆ, ಕೆಲವೊಮ್ಮೆ ಹೆಚ್ಚುವರಿ ತೂಕದಲ್ಲಿ ಶೇಕಡಾ ಎಷ್ಟು ಎನ್ನುತ್ತಾರೆ. ಎರಡೂ ಒಂದೇ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ನಿಮ್ಮ ಎತ್ತರಕ್ಕೆ ಬಿಎಂಐ 25 ಎಂದರೆ ಸುಮಾರು 62 ಕೆ.ಜಿ.; ಅಲ್ಲಿಂದ ಮೇಲಿನ ಸುಮಾರು 42 ಕೆ.ಜಿ. ನಿಮ್ಮ ಹೆಚ್ಚುವರಿ ತೂಕ. ನೀವು 21 ಕೆ.ಜಿ. ಇಳಿದರೆ ಒಂದು ಲೆಕ್ಕದಲ್ಲಿ ಅದು ಶೇ 50, ಇನ್ನೊಂದರಲ್ಲಿ ಶೇ 20. ಜಾಹೀರಾತುಗಳು ಯಾವ ಲೆಕ್ಕವನ್ನು ಆರಿಸಿಕೊಳ್ಳುತ್ತವೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಿನ್ಲೆಂಡಿನಲ್ಲಿ 240 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಲೀವ್, ಇನ್ನೊಂದಕ್ಕೆ ಬೈಪಾಸ್ ಮಾಡಿ, ಹತ್ತು ವರ್ಷ ಬೆನ್ನುಹತ್ತಿದ ಒಂದು ಅಧ್ಯಯನದಲ್ಲಿ ಸ್ಲೀವ್ ಆದವರು ಹೆಚ್ಚುವರಿ ತೂಕದಲ್ಲಿ ಸರಾಸರಿ ಸುಮಾರು ಶೇ 43ರಷ್ಟನ್ನೂ, ಬೈಪಾಸ್ ಆದವರು ಸುಮಾರು ಶೇ 51ರಷ್ಟನ್ನೂ ಕಳೆದುಕೊಂಡ ಸ್ಥಿತಿಯಲ್ಲಿದ್ದರು. ಆ ಅಂತರವನ್ನು ನಿಮ್ಮ ದೇಹಕ್ಕೆ ಇಳಿಸಿದರೆ ಮೂರೂವರೆ ಕೆ.ಜಿ. ಹತ್ತು ವರ್ಷದ ನಂತರದ ಮೂರೂವರೆ ಕೆ.ಜಿ.ಗಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅಂಕಿಅಂಶದಲ್ಲಿ ಬೈಪಾಸ್ ಮುಂದಿದೆ, ನಿಜ. ಆದರೆ ಒಂದೇ ಗುಂಪಿನ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ಎರಡು ಗುಂಪುಗಳ ನಡುವಿನ ವ್ಯತ್ಯಾಸಕ್ಕಿಂತ ಎಷ್ಟೋ ದೊಡ್ಡದು.

ಅದೇ ಅಧ್ಯಯನದ ಇನ್ನೊಂದು ಅಂಕಿ ನಿಮಗೆ ಹೆಚ್ಚು ಮುಖ್ಯ. ಹತ್ತು ವರ್ಷದ ನಂತರ ಎಂಡೋಸ್ಕೋಪಿ, ಅಂದರೆ ಬಾಯಿಯ ಮೂಲಕ ಕ್ಯಾಮೆರಾದ ನಳಿಗೆ ಇಳಿಸುವ ಪರೀಕ್ಷೆ, ಮಾಡಿ ನೋಡಿದಾಗ ಸ್ಲೀವ್ ಆದವರಲ್ಲಿ ಶೇ 31 ಜನರ ಅನ್ನನಾಳದಲ್ಲಿ ಆಮ್ಲದಿಂದಾದ ಉರಿಯೂತವಿತ್ತು. ಬೈಪಾಸ್ ಆದವರಲ್ಲಿ ಶೇ 7 ಜನರಲ್ಲಿ ಮಾತ್ರ. ಕಾರಣ ಯಂತ್ರದಷ್ಟು ಸರಳ. ಸ್ಲೀವ್ ಆದ ಜಠರ ಇಕ್ಕಟ್ಟಿನ ನಳಿಗೆಯಾಗಿರುವುದರಿಂದ ಒಳಗಿನ ಒತ್ತಡ ಏರುತ್ತದೆ, ಕೆಳಗೆ ಜಠರದ ಬಾಗಿಲು ಹಾಗೆಯೇ ಇರುತ್ತದೆ, ಮೇಲೆ ಅನ್ನನಾಳದ ಕವಾಟವನ್ನು ಬಿಗಿಯಾಗಿ ಇಟ್ಟಿದ್ದ ಕೋನ ಸಡಿಲಗೊಂಡಿರುತ್ತದೆ. ಒತ್ತಡಕ್ಕೆ ಸಿಕ್ಕ ಆಮ್ಲ ಸುಲಭದ ದಾರಿ ಹಿಡಿದು ಮೇಲೇರುತ್ತದೆ. ಬೈಪಾಸಿನಲ್ಲಿ ಮೇಲುಳಿಯುವ ಪುಟ್ಟ ಚೀಲದಲ್ಲಿ ಆಮ್ಲವೇ ಅತ್ಯಲ್ಪ. ಹಾಗಾಗಿ ಎದೆಯುರಿ ಇರುವವರಿಗೆ ಬೈಪಾಸ್ ಒಂದು ರೀತಿಯಲ್ಲಿ ಎದೆಯುರಿಯ ಚಿಕಿತ್ಸೆಯೂ ಹೌದು. ಸ್ಲೀವ್ ಆಗಿ ಕೆಲವು ವರ್ಷಗಳಲ್ಲಿ, ತೂಕ ಚೆನ್ನಾಗಿಯೇ ಇಳಿದಿದ್ದರೂ ಹುಳಿತೇಗನ್ನು ತಾಳಲಾರದೆ, ಅದನ್ನು ಬೈಪಾಸಿಗೆ ಬದಲಾಯಿಸಿಕೊಳ್ಳಬೇಕಾದವರು ಇದ್ದಾರೆ. ಎರಡನೆಯ ಸಲ ಹೊಟ್ಟೆ ತೆರೆಯುವುದು ಮೊದಲ ಸಲದಷ್ಟು ಸಲೀಸಲ್ಲ.

ಇಷ್ಟನ್ನೇ ನೋಡಿದರೆ ತೀರ್ಮಾನ ಬೈಪಾಸಿನ ಕಡೆಗೇ ಎಂದು ಹೇಳಿಬಿಡಬಹುದಿತ್ತು. ಅಲ್ಲಿ ಅಡ್ಡ ಬರುವುದು ನಿಮ್ಮ ನೋವಿನ ಮಾತ್ರೆ. ಐಬುಪ್ರೊಫೇನ್, ಡೈಕ್ಲೊಫೆನಾಕ್, ನ್ಯಾಪ್ರಾಕ್ಸೆನ್ ಮುಂತಾದ ಮಾತ್ರೆಗಳು ಬೈಪಾಸ್ ಆದವರಲ್ಲಿ ಚೀಲ ಮತ್ತು ಕರುಳು ಕೂಡುವ ಹೊಲಿಗೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ. ಆ ಹುಣ್ಣು ರಕ್ತ ಸುರಿಸಬಹುದು, ತೂತು ಬೀಳಬಹುದು, ಗುಣವಾಗದೆ ವರ್ಷಗಟ್ಟಲೆ ಕಾಡಬಹುದು. ಧೂಮಪಾನವೂ ಇದೇ ಕೆಡುಕು ಮಾಡುತ್ತದೆ. ಬೈಪಾಸ್ ಆದ ಮೇಲೆ ಈ ಗುಂಪಿನ ಮಾತ್ರೆಗಳಿಗೆ ಜೀವನಪೂರ್ತಿ ವಿದಾಯ ಹೇಳಬೇಕು, ಪ್ಯಾರಾಸಿಟಮಾಲ್ ನಡೆಯುತ್ತದೆ. ವಾರಕ್ಕೆ ನಾಲ್ಕೈದು ದಿನ ಅವನ್ನು ನುಂಗುವವರಿಗೆ ಇದು ಕೇವಲ ಸಲಹೆಯ ಮಾತಾಗಿ ಉಳಿಯುವುದಿಲ್ಲ. ಹಾಗಾದರೆ ಕೇಳಬೇಕಾದದ್ದು: ನಿಮ್ಮ ಮಂಡಿನೋವು ಎಂಥದ್ದು? ಸಂಧಿವಾತದಂಥ ಉರಿಯೂತದ ಕಾಯಿಲೆಯಾದರೆ ತೂಕ ಇಳಿದರೂ ಮಾತ್ರೆ ತಪ್ಪದಿರಬಹುದು, ಆಗ ಸ್ಲೀವ್‌ಗೆ ಬಲ ಬರುತ್ತದೆ. ಸವೆತದ ನೋವಾದರೆ ಕಥೆ ಬೇರೆ. ಒಂದು ಕೆ.ಜಿ. ತೂಕ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆ.ಜಿ.ಯಷ್ಟು ಕಡಿಮೆಯಾಗುತ್ತದೆ ಎಂದು ಅಳೆದು ನೋಡಿದ್ದಾರೆ, ಇಪ್ಪತ್ತು ಕೆ.ಜಿ. ಇಳಿದ ಮಂಡಿ ಈಗ ಕೇಳುವಷ್ಟು ಮಾತ್ರೆಯನ್ನು ಆಗ ಕೇಳಲಾರದು. ಮೂಳೆತಜ್ಞರಿಂದ ಇದೊಂದು ಉತ್ತರವನ್ನು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡುವ ಮೊದಲೇ ಪಡೆದುಕೊಳ್ಳಿ.

ಎದೆಯುರಿಯ ಕಡೆಯಿಂದಲೂ ಊಹೆ ಬೇಡ, ಪರೀಕ್ಷೆ ಬೇಕು. ಎಂಡೋಸ್ಕೋಪಿಯಲ್ಲಿ ಅನ್ನನಾಳದ ಉರಿಯೂತ, ಒಳಪದರದ ಬದಲಾವಣೆ, ಜಠರದ ಮೇಲ್ಭಾಗ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಯನ್ನು ದಾಟಿ ಎದೆಗೂಡಿಗೆ ಸರಿದಿರುವ ಹರ್ನಿಯಾ, ಇವು ಕಾಣುತ್ತವೆ. ಹುಣ್ಣಿಗೆ ಕಾರಣವಾಗುವ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇದ್ದರೆ ಮೊದಲೇ ಚಿಕಿತ್ಸೆ ಕೊಡಬಹುದು. ಅದರಲ್ಲಿ ಏನೂ ಕಾಣದಿದ್ದರೆ ಅನ್ನನಾಳದಲ್ಲಿ 24 ಗಂಟೆ ಆಮ್ಲ ಅಳೆಯುವ ಪರೀಕ್ಷೆಯಿದೆ. ನೋವಿನ ಮಾತ್ರೆಯೇ ನಿಮ್ಮ ಜಠರದ ಉರಿಗೆ ಕಾರಣವಾಗಿದ್ದು, ನೀವು ಅದನ್ನು ಎದೆಯುರಿ ಎಂದು ಕರೆಯುತ್ತಿರಬಹುದು ಎಂಬ ಸಂಶಯವೂ ನನಗಿದೆ. ಹಾಗಾದರೆ ಇಡೀ ತೂಗುಗೋಲೇ ಬದಲಾಗುತ್ತದೆ.

ಮಧುಮೇಹದ ವಿಷಯದಲ್ಲಿ ನೀವು ಅನುಕೂಲದ ಸ್ಥಿತಿಯಲ್ಲಿದ್ದೀರಿ. ಕಾಯಿಲೆ ಬಂದು ಕಡಿಮೆ ವರ್ಷವಾಗಿದ್ದು, ಇನ್ಸುಲಿನ್ ಬೇಕಾಗದೆ ಇದ್ದವರಲ್ಲಿ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಗೆ ಬರುವ ಸಾಧ್ಯತೆ ಹೆಚ್ಚು. ಆದರೆ ‘ಮಧುಮೇಹ ಗುಣವಾಗುತ್ತದೆ’ ಎಂದು ಯಾರಾದರೂ ಹೇಳಿದರೆ ಎಷ್ಟು ವರ್ಷಕ್ಕೆ ಎಂದು ಕೇಳಿ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೀರ್ಘಾವಧಿಯ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾದ ಎರಡು ವರ್ಷಕ್ಕೆ ಶೇ 72 ಮಧುಮೇಹಿಗಳು ಕಾಯಿಲೆಯ ಮಿತಿಯಿಂದ ಹೊರಗಿದ್ದರು, ಹತ್ತು ವರ್ಷಕ್ಕೆ ಶೇ 36 ಮಾತ್ರ. ಅಲ್ಲಿ ಬಹುಪಾಲು ಇಂದು ಕೈಬಿಟ್ಟಿರುವ ಹಳೆಯ ವಿಧಾನವಾಗಿತ್ತು ಎಂಬುದನ್ನು ಗಮನದಲ್ಲಿಟ್ಟರೂ, ಮರುಕಳಿಸುವ ಪ್ರವೃತ್ತಿ ಇಂದಿನ ವಿಧಾನಗಳಲ್ಲೂ ಇದೆ. ಮರುಕಳಿಸಿದರೂ ನಡುವಿನ ವರ್ಷಗಳು ಕಣ್ಣು, ಮೂತ್ರಪಿಂಡ, ರಕ್ತನಾಳಗಳಿಗೆ ಸಿಕ್ಕ ಬಿಡುವು. ಅದು ಸಣ್ಣ ಲಾಭವಲ್ಲ. ಇದೇ ಅಧ್ಯಯನ 2007ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ವಯಸ್ಸು ಮತ್ತಿತರ ಅಂಶಗಳನ್ನು ಸರಿದೂಗಿಸಿ ನೋಡಿದಾಗ, ಶಸ್ತ್ರಚಿಕಿತ್ಸೆ ಆದವರಲ್ಲಿ ಸಾವಿನ ಪ್ರಮಾಣ ಶೇ 29ರಷ್ಟು ಕಡಿಮೆಯಿತ್ತು.

ಮನೆಯವರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬೇಡಿ. ಹತ್ತು ವರ್ಷದ ಹಿಂದೆ ಇದಕ್ಕೆ ಉತ್ತರ ಸುಲಭವಿತ್ತು, ಈಗ ಇಲ್ಲ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಸುಮಾರು 68 ವಾರಗಳಲ್ಲಿ ಒಟ್ಟು ತೂಕವನ್ನು ಸರಾಸರಿ ಶೇ 15ರಷ್ಟು, ಟಿರ್ಜೆಪಟೈಡ್‌ನ ಅತಿ ಹೆಚ್ಚಿನ ಪ್ರಮಾಣ 72 ವಾರಗಳಲ್ಲಿ ಸುಮಾರು ಶೇ 21ರಷ್ಟು ಇಳಿಸಿದ್ದು ಸುದ್ದಿಯಾಯಿತು. ಆ ಸುದ್ದಿಗಳಲ್ಲಿ ಬಿಟ್ಟುಹೋದ ವಿವರವೆಂದರೆ, ಆ ಪ್ರಯೋಗಗಳಲ್ಲಿ ಭಾಗವಹಿಸಿದವರಿಗೆ ಮಧುಮೇಹ ಇರಲಿಲ್ಲ. ಮಧುಮೇಹಿಗಳ ಮೇಲೆ ಪ್ರತ್ಯೇಕವಾಗಿ ನಡೆದ ಪ್ರಯೋಗಗಳಲ್ಲಿ ಅವೇ ಔಷಧಗಳು ಕ್ರಮವಾಗಿ ಶೇ 10 ಮತ್ತು ಶೇ 15ರ ಹತ್ತಿರ ನಿಂತವು. ನಿಮಗೆ ಅನ್ವಯಿಸುವುದು ಈ ಎರಡನೆಯ ಅಂಕಿಗಳು. ಔಷಧ ನಿಲ್ಲಿಸಿದರೆ ಒಂದು ವರ್ಷದಲ್ಲಿ, ಇಳಿದ ತೂಕದ ಮೂರನೆಯ ಎರಡು ಭಾಗ ಮರಳುತ್ತದೆ ಎಂಬುದು ಸೆಮಾಗ್ಲುಟೈಡ್ ವಿಷಯದಲ್ಲಿ ಕಂಡುಬಂದಿದೆ. ಅಂದರೆ ಇದು ರಕ್ತದೊತ್ತಡದ ಮಾತ್ರೆಯಂತೆ ಮುಂದುವರಿಸಬೇಕಾದ ಚಿಕಿತ್ಸೆ. ಶಸ್ತ್ರಚಿಕಿತ್ಸೆಗೆ ಹೆದರುವವರಿಗೆ, ಅರಿವಳಿಕೆಯ ಅಪಾಯ ಹೆಚ್ಚಿರುವವರಿಗೆ, ಬಿಎಂಐ 30ರ ಆಸುಪಾಸಿನಲ್ಲಿ ಇರುವವರಿಗೆ ನಾನು ಮೊದಲು ಇದನ್ನೇ ಹೇಳುತ್ತೇನೆ. ನಿಮ್ಮ ತೂಕ ಮತ್ತು ಮಧುಮೇಹ ಎರಡನ್ನೂ ಸೇರಿಸಿ ನೋಡಿದರೆ ಶಸ್ತ್ರಚಿಕಿತ್ಸೆಯ ತಕ್ಕಡಿ ಕೆಳಗೆ ವಾಲುತ್ತದೆ. ಆದರೂ ಇವು ಪರಸ್ಪರ ವೈರಿಗಳಲ್ಲ: ಶಸ್ತ್ರಚಿಕಿತ್ಸೆಯಾಗಿ ಕೆಲವು ವರ್ಷಗಳ ಮೇಲೆ ತೂಕ ಮರಳತೊಡಗಿದರೆ ಇದೇ ಚುಚ್ಚುಮದ್ದು ಕೈಹಿಡಿಯಬಲ್ಲದು.

ಉಳಿದ ಆಯ್ಕೆಗಳನ್ನು ಬೇಗ ಮುಗಿಸುತ್ತೇನೆ. ಜಠರಕ್ಕೆ ಪಟ್ಟಿ ಬಿಗಿಯುವ ವಿಧಾನ ಹಿನ್ನೆಲೆಗೆ ಸರಿದಿದೆ. ಹಾಕಿದ ಪಟ್ಟಿಗಳಲ್ಲಿ ಬಹಳಷ್ಟನ್ನು ಮತ್ತೆ ತೆಗೆಯಬೇಕಾಯಿತು. ಬಾಯಿಯ ಮೂಲಕ ಇಳಿಸುವ ಬಲೂನು ಸಾಮಾನ್ಯವಾಗಿ ಆರು ತಿಂಗಳ ಅತಿಥಿ, ತೆಗೆದ ಮೇಲೆ ತೂಕ ಮರಳುವುದೇ ಹೆಚ್ಚು. ಎಂಡೋಸ್ಕೋಪಿಯಿಂದಲೇ ಜಠರವನ್ನು ಒಳಗಿನಿಂದ ಹೊಲಿದು ಕಿರಿದುಗೊಳಿಸುವ ವಿಧಾನದಲ್ಲಿ ವರ್ಷಕ್ಕೆ ಸುಮಾರು ಶೇ 14ರಷ್ಟು ಒಟ್ಟು ತೂಕ ಇಳಿಯುವುದು ಕಂಡಿದೆ. ನಿಮ್ಮ ಬಿಎಂಐಗೆ ಅದು ಕಡಿಮೆಯಾಯಿತು. ಒಂದೇ ಜೋಡಣೆಯ ಬೈಪಾಸ್, ಅಂದರೆ ‘ಮಿನಿ ಬೈಪಾಸ್’, ಜನಪ್ರಿಯವಾಗಿದೆ ಮತ್ತು ತೂಕ ಇಳಿಸುವುದರಲ್ಲಿ ಹಿಂದೆ ಬಿದ್ದಿಲ್ಲ. ಆದರೆ ಅದರಲ್ಲಿ ಪಿತ್ತರಸ ಹಿಮ್ಮುಖವಾಗಿ ಜಠರಕ್ಕೆ, ಕೆಲವರಲ್ಲಿ ಅನ್ನನಾಳಕ್ಕೂ ಏರಬಹುದು. ಈಗಾಗಲೇ ಎದೆಯುರಿ ಇರುವ ನಿಮಗೆ ಯಾರಾದರೂ ಹೆಸರಿನ ‘ಮಿನಿ’ಯನ್ನು ತೋರಿಸಿ ಇದನ್ನು ಸೂಚಿಸಿದರೆ ನಾನು ಒಪ್ಪುವುದಿಲ್ಲ. ಕರುಳಿನ ಬಹುಭಾಗವನ್ನು ದಾಟಿಸುವ ಡುಯೋಡಿನಲ್ ಸ್ವಿಚ್ ಅತಿ ಹೆಚ್ಚು ತೂಕ ಇಳಿಸುತ್ತದೆ, ಅತಿ ಹೆಚ್ಚು ಪೋಷಕಾಂಶ ಕೊರತೆಯನ್ನೂ ತರುತ್ತದೆ. ಅದು ನಿಮಗಿಂತ ಬಹಳ ಹೆಚ್ಚು ತೂಕದವರ ಮಾತು.

ಅಪಾಯವನ್ನು ಮುಚ್ಚಿಡದೆ ಹೇಳಬೇಕು. ಅನುಭವಿ ತಂಡದ ಕೈಯಲ್ಲಿ ಮೊದಲ ಮೂವತ್ತು ದಿನಗಳ ಸಾವಿನ ಪ್ರಮಾಣ ಸಾವಿರಕ್ಕೆ ಒಂದರಿಂದ ಮೂರು. ಹೊಲಿಗೆಯ ಗೆರೆಯಲ್ಲಿ ಸೋರಿಕೆ ನೂರಕ್ಕೆ ಒಂದೆರಡು ಜನರಲ್ಲಿ ಆಗುತ್ತದೆ. ಜ್ವರ, ಏರಿದ ನಾಡಿ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು ಅಥವಾ ಭುಜನೋವು ಅದರ ಸೂಚನೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದನ್ನು ತಡೆಯಲು ಅದೇ ದಿನ ಎಬ್ಬಿಸಿ ನಡೆಸುತ್ತಾರೆ. ಬೈಪಾಸ್ ಆದವರಿಗೆ ವರ್ಷಗಳ ನಂತರವೂ ಕರುಳು ಒಳಗಿನ ಸಂದಿಯಲ್ಲಿ ಸಿಲುಕಬಹುದು. ಬಿಟ್ಟುಬಿಟ್ಟು ಬರುವ ತೀವ್ರ ಹೊಟ್ಟೆನೋವಿಗೆ ಸ್ಕ್ಯಾನ್ ಸರಿಯಿದೆ ಎಂದು ಮನೆಗೆ ಕಳಿಸಿದರೂ, ಬೈಪಾಸ್ ಆಗಿದೆ ಎಂದು ಒತ್ತಿ ಹೇಳಿ ಶಸ್ತ್ರವೈದ್ಯರನ್ನೇ ಕಾಣಬೇಕು. ಸಿಹಿ ತಿಂದ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಭೇದಿ ಬರುವ ‘ಡಂಪಿಂಗ್’ ಕೂಡ ಬೈಪಾಸಿನ ಜೊತೆಗಾರ.

ಶಸ್ತ್ರಚಿಕಿತ್ಸೆಯ ನಂತರದ ಬದುಕಿನಲ್ಲಿ ನಾನು ಬಿಟ್ಟುಕೊಡದ ಒಂದು ಷರತ್ತಿದೆ: ವಿಟಮಿನ್ ಮಾತ್ರೆ ಮತ್ತು ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಜೀವನಪೂರ್ತಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಇವು ಬೈಪಾಸಿಗಷ್ಟೇ ಅಲ್ಲ, ಸ್ಲೀವ್‌ಗೂ ಬೇಕು. ಮುಟ್ಟಾಗುವ ವಯಸ್ಸಿನವರಿಗೆ ಕಬ್ಬಿಣ ಇನ್ನೂ ಹೆಚ್ಚು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಹೋಗದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಕೆಲವು ದಿನ ಬಿಡದೆ ವಾಂತಿಯಾದರೆ ಬಿ1 ಬರಿದಾಗಿ ನರಗಳಿಗೆ, ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಅದು ಸಹಜ ಎಂದು ಮನೆಯಲ್ಲಿ ಕೂರುವಂತಿಲ್ಲ. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದುಂಟು, ಅದನ್ನು ತಡೆಯುವ ಮಾತ್ರೆಯನ್ನು ಆರು ತಿಂಗಳು ಕೊಡುತ್ತಾರೆ. ಬೈಪಾಸ್ ಆದವರಿಗೆ ಮದ್ಯ ಬೇಗ ಏರುತ್ತದೆ, ಚಟವಾಗುವ ಅಪಾಯವೂ ಹೆಚ್ಚು. ಗರ್ಭಧಾರಣೆಯನ್ನು ಕನಿಷ್ಠ ಒಂದು ವರ್ಷದಿಂದ ಒಂದೂವರೆ ವರ್ಷ ಮುಂದೂಡಬೇಕು. ತೂಕ ಇಳಿದಂತೆ ಫಲವಂತಿಕೆ ಹೆಚ್ಚುವುದರಿಂದ ಇದನ್ನು ಮೊದಲೇ ಯೋಚಿಸಬೇಕು, ಬೈಪಾಸ್ ಆದವರು ನುಂಗುವ ಗರ್ಭನಿರೋಧಕವನ್ನೇ ನೆಚ್ಚಿಕೊಳ್ಳಬಾರದು. ಈ ಪಟ್ಟಿ ಓದಿ, ನನ್ನಿಂದ ಮಾತ್ರೆ ನುಂಗುವುದು ನೆನಪಿರುವುದಿಲ್ಲ, ಪ್ರತಿ ವರ್ಷ ಪರೀಕ್ಷೆಗೆ ಹೋಗಲಾಗುವುದಿಲ್ಲ ಎಂದು ನಿಮಗೆ ಪ್ರಾಮಾಣಿಕವಾಗಿ ಅನ್ನಿಸಿದರೆ, ಸ್ಲೀವ್ ಕಡಿಮೆ ಕೆಡುಕಿನದು.

ನನ್ನ ಅಭಿಪ್ರಾಯ ಕೇಳಿದ್ದೀರಿ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ಉರಿಯೂತವೋ ಹರ್ನಿಯಾವೋ ಕಂಡು, ಮಂಡಿ ಸವೆತದ್ದೇ ಆಗಿದ್ದು ನೋವಿನ ಮಾತ್ರೆ ಬಿಡಬಹುದೆಂದು ಮೂಳೆತಜ್ಞರು ಹೇಳಿದರೆ, ಬೈಪಾಸ್. ಅನ್ನನಾಳ ಸ್ವಚ್ಛವಾಗಿದ್ದು, ಆಮ್ಲದ ಅಳತೆಯೂ ಮಿತಿಯಲ್ಲಿದ್ದು, ನೋವಿನ ಮಾತ್ರೆ ತಪ್ಪಿಸಲಾಗದು ಎಂದಾದರೆ, ಸ್ಲೀವ್; ಮುಂದೆ ಬೇಕಾದರೆ ಅದನ್ನು ಬೈಪಾಸಿಗೆ ತಿರುಗಿಸಬಹುದು, ಬೈಪಾಸನ್ನು ಸ್ಲೀವ್‌ಗೆ ತಿರುಗಿಸುವುದು ಹಾಗಲ್ಲ. ಎರಡೂ ತೊಂದರೆಗಳು ನಿಜವೆಂದೇ ಆದರೆ, ಆರು ತಿಂಗಳು ಚುಚ್ಚುಮದ್ದು ಹಾಗೂ ಮಂಡಿಯ ವ್ಯಾಯಾಮದಿಂದ ಮಾತ್ರೆಯನ್ನು ಬಿಡಲು ನೋಡಿ, ಬಿಟ್ಟ ಮೇಲೆ ಬೈಪಾಸ್ ಮಾಡಿಸುವುದು ನಾನು ಹಿಡಿಯುವ ದಾರಿ. ಆ ಆರು ತಿಂಗಳು ವ್ಯರ್ಥವೆಂದು ಭಾವಿಸಬೇಡಿ. ಶಸ್ತ್ರಚಿಕಿತ್ಸೆಗೆ ಮುನ್ನ ಇಳಿದ ತೂಕ ಕೊಬ್ಬುಗಟ್ಟಿದ ಯಕೃತ್ತನ್ನು ಕುಗ್ಗಿಸಿ ಶಸ್ತ್ರವೈದ್ಯರಿಗೆ ಜಾಗ ಮಾಡಿಕೊಡುತ್ತದೆ.

ಮುಂದಿನ ಭೇಟಿಗೆ ನಿಮ್ಮ ಮಧುಮೇಹದ ಮಾತ್ರೆಗಳ ಹೆಸರು ಬರೆದುಕೊಂಡು ಹೋಗಿ. ಅವುಗಳಲ್ಲೊಂದು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಗ್ಲಿಫ್ಲೋಜಿನ್ ಗುಂಪಿನದಾಗಿದ್ದರೆ ಶಸ್ತ್ರಚಿಕಿತ್ಸೆಗೆ ಕೆಲವು ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ. ಸಕ್ಕರೆ ಥಟ್ಟನೆ ಇಳಿದಾಗ ಅಕ್ಷಿಪಟಲದ ಹಳೆಯ ತೊಂದರೆ ಕೆರಳಬಹುದಾದ್ದರಿಂದ ಕಣ್ಣಿನ ಪರೀಕ್ಷೆಯನ್ನೂ ಮುಗಿಸಿಕೊಳ್ಳಿ. ಗೊರಕೆ ಹೊಡೆಯುತ್ತೀರೆಂದು ಮನೆಯವರು ಹೇಳುವುದಾದರೆ ಅದನ್ನೂ ತಿಳಿಸಿ. ನಿದ್ರೆಯಲ್ಲಿ ಉಸಿರುಕಟ್ಟುವ ಕಾಯಿಲೆ ಗೊತ್ತಿಲ್ಲದೆ ಇದ್ದರೆ ಅರಿವಳಿಕೆಯ ನಂತರದ ರಾತ್ರಿ ಅಪಾಯಕರವಾಗುತ್ತದೆ. ಆಮೇಲೆ ಇಬ್ಬರೂ ಶಸ್ತ್ರವೈದ್ಯರನ್ನು ಒಂದೇ ಪ್ರಶ್ನೆ ಕೇಳಿ: ನೀವು ಎರಡೂ ಬಗೆಯ ಶಸ್ತ್ರಚಿಕಿತ್ಸೆಗಳನ್ನು ವಾಡಿಕೆಯಾಗಿ ಮಾಡುತ್ತೀರಾ, ಅಥವಾ ಒಂದನ್ನು ಮಾತ್ರವೇ? ಒಂದನ್ನೇ ಮಾಡುವವರ ಶಿಫಾರಸು ನಿಮ್ಮ ದೇಹವನ್ನು ನೋಡಿ ಬಂದದ್ದೋ, ಅವರ ಕೈಯ ಅಭ್ಯಾಸದಿಂದ ಬಂದದ್ದೋ ಎಂದು ವಿಚಾರಿಸುವುದರಲ್ಲಿ ಅಗೌರವವೇನೂ ಇಲ್ಲ.